ಬಿಚ್ಚದ ಸೆಂಟ್ರಿಂಗ್

ನಮ್ಮ ಮನೆಗೆ ಥರ್ಮಾಕೋಲ್ ಚಾವಣಿ ಹಾಕಿಸುತ್ತಿದ್ದೇವೆ ಎಂಬ ಸುದ್ದಿ ಬೀದಿಗೆ ಗೊತ್ತಾದ ದಿನವೇ ಎದುರುಮನೆ ಯಜಮಾನರು ಬಂದು, "ಈ ವರ್ಷ ಗಣಪನ್ನ ನಿಮ್ಮನೇಲೇ ಕೂಡಿಸ್ತೀರೇನ್ರೀ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಅವರ ಪ್ರಕಾರ ಥರ್ಮಾಕೋಲ್ ಇರುವುದು ಗಣಪತಿ ಮಂಟಪಕ್ಕೆ, ಟಿವಿ ಡಬ್ಬಕ್ಕೆ, ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ. ತಲೆ ಮೇಲೆ ಹೊತ್ತುಕೊಂಡು ಮಲಗುವುದಕ್ಕಲ್ಲ.

ಬಳ್ಳಾರಿ ಬಿಸಿಲು ಕಂಡವರಿಗೆ ನಮ್ಮ ಕಷ್ಟ ಅರ್ಥವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ, ರಾತ್ರಿ ನಾವು ಹಾಸಿಗೆ ಹಾಸಿದ ಮೇಲೆ ಆ ಬಿಸಿಯನ್ನು ನಿಧಾನವಾಗಿ ಕೆಳಗೆ ಬಿಡುತ್ತದೆ. ಫ್ಯಾನು ಅದನ್ನು ಮನೆಮಂದಿಗೆಲ್ಲ ಸಮನಾಗಿ ಹಂಚುತ್ತದೆ. ಬಾಡಿಗೆ ಮನೆಗಳಲ್ಲಿ ಬೆಂದು ಸಾಕಾಗಿದ್ದ ನನ್ನ ಹೆಂಡತಿ ಇಂಜಿನಿಯರ್ ಹತ್ತಿರ ಹೇಳಿದ್ದು ಒಂದೇ ಮಾತು: "ಮನೆ ಸಣ್ಣದಾದ್ರೂ ಪರವಾಗಿಲ್ಲ, ಚಾವಣಿ ತಣ್ಣಗಿರಲಿ."

ಇಂಜಿನಿಯರ್ ಹುಡುಗನಿಗೆ ಹುರುಪು ಬಂತು. ದಪ್ಪ ಥರ್ಮಾಕೋಲ್ ಹಲಗೆ, ಅದರ ಹೊಟ್ಟೆಯೊಳಗೆ ತೆಳು ಉಕ್ಕಿನ ಚಾನೆಲ್. ಒಂದರ ಪಕ್ಕ ಒಂದು ಜೋಡಿಸಿದರೆ ನಡುವೆ ಕಾಲುವೆಗಳಾಗುತ್ತವೆ. ಕಾಲುವೆಯಲ್ಲಿ ಕಂಬಿ ಇಟ್ಟು, ಮೇಲೆ ಜಾಲರಿ ಹಾಸಿ, ಕಾಂಕ್ರೀಟ್ ಸುರಿದರೆ ಕಾಲುವೆಗಳೆಲ್ಲ ತೊಲೆಗಳಾಗಿ ಗಟ್ಟಿಯಾಗುತ್ತವೆ. ಭಾರ ಹೊರುವುದು ಆ ತೊಲೆಗಳು ಮತ್ತು ಮೇಲಿನ ತೆಳು ಕಾಂಕ್ರೀಟ್ ಪದರ. ಅಚ್ಚಾಗಿದ್ದ ಥರ್ಮಾಕೋಲ್ ಬಿಸಿ ತಡೆಯುತ್ತಾ ಅಲ್ಲೇ ಉಳಿಯುತ್ತದೆ. "ಒಂದಿಂಚು ಥರ್ಮಾಕೋಲ್ ತಡೆಯೋ ಬಿಸಿ ತಡೀಬೇಕಂದ್ರೆ ಸುಮಾರು ಮೂರಡಿ ಕಾಂಕ್ರೀಟ್ ಬೇಕು ಸರ್" ಎಂದ. ಮೂರಡಿ ಎಂದದ್ದೇ ಹೆಂಡತಿ ಒಪ್ಪಿಬಿಟ್ಟಳು. ಥರ್ಮಾಕೋಲ್ 1950ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, 60ರ ದಶಕದಲ್ಲೇ ಕೆನಡಾದ ವರ್ನರ್ ಗ್ರೆಗೊರಿ ಎಂಬಾತ ಗೋಡೆಗೆ ಇಂಥ ಅಚ್ಚು ಮಾಡಿದ್ದು, ಎಲ್ಲವನ್ನೂ ಹೇಳಿದ. ಕೆನಡಾದಲ್ಲಿ ಚಳಿ ಒಳಗೆ ಬಾರದಿರಲು ಹಾಕುತ್ತಾರಂತೆ. ನಮ್ಮದು ಉಲ್ಟಾ ಸಮಸ್ಯೆ, ಔಷಧಿ ಒಂದೇ.

ಇದನ್ನು ಸೆಂಟ್ರಿಂಗ್ ಕಂಟ್ರಾಕ್ಟರ್‌ಗೆ ಅರ್ಥ ಮಾಡಿಸುವುದೇ ದೊಡ್ಡ ಕೆಲಸವಾಯಿತು. ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹೊರುವ ತಾತ್ಕಾಲಿಕ ಅಚ್ಚು. ಅವನ ವ್ಯಾಪಾರವೆಲ್ಲ ಅದನ್ನು ಹೊಡೆಯುವುದು ಮತ್ತು ಬಿಚ್ಚುವುದರ ಮೇಲೆ ನಿಂತಿದೆ. ಶೀಟುಗಳಿಗೆ, ಜಾಕಿ ಎನ್ನುವ ಆಸರೆ ಕಂಬಗಳಿಗೆ ಬಾಡಿಗೆ. ಅಂಕಣ, ಅಂದರೆ ಚಾವಣಿಯ ಎರಡು ಆಧಾರಗಳ ನಡುವಿನ ಅಂತರ, 4.5 ಮೀಟರ್ ಒಳಗಿದ್ದರೆ ಜಾಕಿ ಕಮ್ಮಿ ಅಂದರೂ 7 ದಿನ ಇರಬೇಕು, ಅದಕ್ಕಿಂತ ದೊಡ್ಡದಾದರೆ 14 ದಿನ ಎಂಬ ನಿಯಮ ಅವನಿಗೆ ಬಾಯಿಪಾಠ.

"ಯಾವತ್ತು ಬಿಚ್ಚೋಣ ಸರ?"

"ಜಾಕಿ ತೆಗೀಬಹುದು. ಈ ಹಲಗೆ ಬಿಚ್ಚೋ ಹಾಗಿಲ್ಲ."

"ಮುಂದಿನ ತಿಂಗಳು?"

"ಯಾವತ್ತೂ ಇಲ್ಲ."

ಅವನು ನನ್ನನ್ನು ಒಂದು ಥರ ನೋಡಿದ. ಸೆಂಟ್ರಿಂಗ್ ಬಿಚ್ಚದ ಮನೆಗೆ ಗೃಹಪ್ರವೇಶ ಮಾಡುವವನನ್ನು ಅವನು ಅದೇ ಮೊದಲ ಸಲ ನೋಡುತ್ತಿದ್ದ. ಹೊರಗೆ ಹೋಗಿ ಮೇಸ್ತ್ರಿಗೆ "ದುಡ್ಡು ಮುಗಿದಿರಬೇಕು ಪಾಪ" ಎಂದದ್ದು ಕೇಳಿಸಿತು.

ಅರ್ಥವಾದದ್ದು ನಮ್ಮಮ್ಮನಿಗೆ. ಅವಳು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ತೊಲೆ, ಜಂತಿ, ಅದರ ಮೇಲೆ ಹಲಗೆ, ಸೊಪ್ಪು, ಆಮೇಲೆ ದಪ್ಪಗೆ ಮಣ್ಣು, ಕೊನೆಗೆ ಚೌಳು ಮಣ್ಣು. "ನಾವೇನು ಜಂತಿ ಹೊಡೆದು ಮಣ್ಣು ಹಾಕಿದ್ಮೇಲೆ ಹಲಗೆ ತೆಗೀತಿದ್ವೇನೋ? ಅದೇ ಇದು" ಎಂದಳು. ಇಂಜಿನಿಯರ್ ಲ್ಯಾಪ್‌ಟಾಪ್ ತೆರೆದು ಅರ್ಧ ಗಂಟೆ ವಿವರಿಸಿದ್ದನ್ನು ಅಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮುಗಿಸಿದಳು. ಮಣ್ಣಿನ ಮಾಳಿಗೆ ಬೇಸಿಗೆಯಲ್ಲಿ ತಣ್ಣಗಿರುತ್ತಿದ್ದುದು ದಪ್ಪ, ಭಾರದಿಂದ. ನಮ್ಮದು ತಣ್ಣಗಿರಬೇಕಾದ್ದು ಹಗುರದಿಂದ. ನಮ್ಮ ತಾಪತ್ರಯವೆಲ್ಲ ಬಂದದ್ದೂ ಆ ಹಗುರದಿಂದಲೇ. ಒಂದು ಘನ ಅಡಿ ಕಾಂಕ್ರೀಟ್ ಸುಮಾರು 68 ಕೆಜಿ ತೂಗಿದರೆ, ಅಷ್ಟೇ ಥರ್ಮಾಕೋಲ್ ಅರ್ಧ ಕೆಜಿ ಚಿಲ್ಲರೆ.

ಹಲಗೆಗಳು ಬಂದಿಳಿದ ಸಂಜೆ ಎಲ್ಲರಿಗೂ ಖುಷಿ. ಹೊರಲು ಆಳು ಬೇಡ, ಇಬ್ಬರು ನಗುತ್ತಾ ಮೇಲಕ್ಕೆ ಸಾಗಿಸಿದರು. ಕತ್ತರಿಸಿದ ತುಂಡುಗಳನ್ನೂ ಅಲ್ಲೇ ಪೇರಿಸಿಟ್ಟರು. ರಾತ್ರಿ ಗಾಳಿ ಎದ್ದಿತು, ಮುಂಗಾರಿಗೆ ಮುಂಚೆ ಧೂಳೆಬ್ಬಿಸಿಕೊಂಡು ಬರುವ ಗಾಳಿ. ಚಾನೆಲ್ ತೂರಿಸಿದ್ದ ಹಲಗೆಗಳು ಹೇಗೋ ನಿಂತವು. ಉಳಿದದ್ದು ಬಡಾವಣೆಗೆಲ್ಲ ಹಂಚಿಹೋಯಿತು. ಬೆಳಿಗ್ಗೆ ಒಂದು ತುಂಡು ಪಕ್ಕದ ಬೀದಿಯ ನೀರಿನ ಟ್ಯಾಂಕಿನಲ್ಲಿ ತೇಲುತ್ತಿತ್ತು. ಇನ್ನೊಂದರ ಮೇಲೆ ಬೀದಿನಾಯಿ ಮಲಗಿತ್ತು, ಎಬ್ಬಿಸಿದರೆ ಗುರ್ ಎಂದಿತು. ಅದಕ್ಕಾದರೂ ಇನ್ಸುಲೇಷನ್ ಬೆಲೆ ಗೊತ್ತಿತ್ತು ಅನ್ನಿ. ಮತ್ತಷ್ಟು ತುಂಡು ಸಿಗಲೇ ಇಲ್ಲ. ವಾರದ ಮೇಲೆ ಮಗನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋದಾಗ ಸೌರವ್ಯೂಹ ನೋಡಿದೆ. ಶನಿಗ್ರಹದ ಬಳೆ ನಮ್ಮ ಹಾಲ್‌ನದು. ಕೇಳಲಿಲ್ಲ. ಫಸ್ಟ್ ಪ್ರೈಜ್ ಬಂದಿತ್ತು.

ಪ್ಲಂಬರ್ ಕಥೆ ಬೇರೆ. ಪೈಪು ಕೂಡಿಸುವಾಗ ಅಂಟಿನ ಡಬ್ಬ ಹಲಗೆಯ ಮೇಲೆ ಉರುಳಿತು. ಟೀ ಕುಡಿದು ಬರುವುದರೊಳಗೆ ಅಲ್ಲೊಂದು ಗುಂಡಿ! ಪಿವಿಸಿ ಪೈಪಿನ ಅಂಟು, ಪೆಟ್ರೋಲ್, ಥಿನ್ನರ್ ಯಾವುದು ತಗುಲಿದರೂ ಥರ್ಮಾಕೋಲ್ ಕರಗಿಹೋಗುತ್ತದೆ. ಅದರಲ್ಲಿ ಇರುವುದೇ ನೂರಕ್ಕೆ 98ರಷ್ಟು ಗಾಳಿ, ಕರಗಿದ ಮೇಲೆ ಉಳಿಯಲು ಏನಿದೆ? ಆದರೆ ಪ್ಲಂಬರ್‌ಗೆ ಇದ್ಯಾವುದೂ ಗೊತ್ತಿಲ್ಲ. ಗುಂಡಿಯೊಳಗೆ ಇಣುಕಿ, "ಯಾವುದೋ ಹುಳ ತಿಂದೈತಿ ಸರ, ಔಷಧಿ ಹೊಡಿಸ್ರಿ" ಎಂದ. ಹುಳ ತನ್ನ ಕೈಲಿದ್ದ ಡಬ್ಬ ಅಂತ ಹೇಳಿದ ಮೇಲೆ ಆ ಡಬ್ಬವನ್ನು ಹಾವು ಹಿಡಿದವನ ಥರ ದೂರ ಹಿಡಿದುಕೊಂಡೇ ಕೆಲಸ ಮುಗಿಸಿದ.

ಮೋಲ್ಡ್ ಹಾಕುವ, ಅಂದರೆ ಕಾಂಕ್ರೀಟ್ ಸುರಿಯುವ ದಿನ ಪೂಜೆಯಾಯಿತು, ಕಾಯಿ ಒಡೆಯಿತು, ಮಿಕ್ಸರ್ ಗರಗರ ಶುರುವಾಯಿತು. ಬೀಮಿನ ಪಕ್ಕದ ಸಂದಿಯಲ್ಲಿ ಮೇಸ್ತ್ರಿ ಒಂದು ತುಂಡನ್ನು ಸುಮ್ನೆ ತುರುಕಿದ್ದ. ಬೈಂಡಿಂಗ್ ವೈರ್ ಕಟ್ಟಿರಲಿಲ್ಲ. ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಇಟ್ಟದ್ದೇ ತಡ, ತುಂಡು ಹಸಿ ಕಾಂಕ್ರೀಟ್ ಸೀಳಿಕೊಂಡು ಮೇಲೆದ್ದು ಬಂತು. ಒತ್ತಿದರೆ ಇನ್ನೊಂದು ಕಡೆ ಎದ್ದಿತು. ಕೊನೆಗೆ ಬಾಣಲಿ ಹೊರುತ್ತಿದ್ದವನನ್ನೇ ಅದರ ಮೇಲೆ ಮರದ ಹಲಗೆ ಇಟ್ಟು ನಿಲ್ಲಿಸಿ ತಂತಿ ಬಿಗಿದರು. "ಬಾಣಲಿ ಹೊರೋ ಕೂಲಿ ಬೇರೆ, ನಿಲ್ಲೋ ಕೂಲಿ ಬೇರೆ" ಎಂದ ಅವನು. ನ್ಯಾಯವೇ.

ಜಾಕಿ ತೆಗೆದ ಮೇಲೆ ಕೆಳಗಿನಿಂದ ಜಿಪ್ಸಮ್ ಬೋರ್ಡ್ ಹೊಡೆಸಿದೆವು. ಥರ್ಮಾಕೋಲ್ ಬರಿಮೈಯಲ್ಲಿರುವ ಹಾಗಿಲ್ಲ, ಬೆಂಕಿಗೆ ಬೇಗ ಸಿಗುತ್ತದೆ. ಇಂಜಿನಿಯರ್ ಬೋರ್ಡಿನ ಮೇಲೆ ತೊಲೆ ಎಲ್ಲೆಲ್ಲಿದೆ ಎಂದು ಪೆನ್ಸಿಲ್ ಗೆರೆ ಎಳೆದು, "ಏನೇ ತೂಗುಹಾಕಿದ್ರೂ ಗೆರೆ ಮೇಲೆ ಮಾತ್ರ" ಎಂದು ಹೇಳಿಹೋದ. ಮಾರನೇ ದಿನ ಪೇಂಟರ್ ಬಂದ. ಬಹಳ ನೀಟು ಮನುಷ್ಯ. ಒಂದು ಗೆರೆಯೂ ಕಾಣದ ಹಾಗೆ ಪುಟ್ಟಿ ಹಚ್ಚಿಬಿಟ್ಟ.

ಅಮ್ಮನಿಗೆ ಹಾಲ್‌ನಲ್ಲಿ ಉಯ್ಯಾಲೆ ಬೇಕಿತ್ತು. ಬಡಗಿ ಸ್ಟೂಲ್ ಹತ್ತಿ ಡ್ರಿಲ್ ಒತ್ತಿದ. ಬೋರ್ಡ್ ದಾಟಿದ್ದೇ ಡ್ರಿಲ್ ಸೊಯ್ ಎಂದು ಬುಡದವರೆಗೂ ಹೋಯಿತು. ಹೊರಗೆಳೆದರೆ ಅವನ ತಲೆ, ಮೀಸೆ, ಅಂಗಿ ಜೇಬು ಎಲ್ಲೆಲ್ಲೂ ಬಿಳಿ ಗುಳಿಗೆ. ಒರೆಸಿದಷ್ಟೂ ಅಂಟುತ್ತವೆ. "ಸರ, ನಿಮ್ಮನೆಗೆ ಚಾವಣಿನೇ ಇಲ್ಲ!" ಎಂದು ಸ್ಟೂಲಿನಿಂದಿಳಿದ. ಆಮೇಲೆ ಮಗ ಫ್ರಿಜ್ ಮೇಲಿನ ಆಯಸ್ಕಾಂತ ತಂದು ಚಾವಣಿಗೆ ಒತ್ತುತ್ತಾ ಹೋದ. ಎಲ್ಲಿ ಕಚ್ಚಿತೋ ಅಲ್ಲಿ ಬೋರ್ಡಿನ ಸ್ಕ್ರೂ. ಸ್ಕ್ರೂ ಇದ್ದಲ್ಲಿ ಚಾನೆಲ್. ಒಂದು ಹಲಗೆಯ ಚಾನೆಲ್‌ಗೂ ಪಕ್ಕದ ಹಲಗೆಯ ಚಾನೆಲ್‌ಗೂ ನಡುವೆ ಕಾಂಕ್ರೀಟ್ ತೊಲೆ. ಈ ಸಲ ಡ್ರಿಲ್ ಕಿರುಚಿತು, ಬೂದು ಪುಡಿ ಉದುರಿತು, ಬಡಗಿಗೆ ಜೀವ ಬಂತು.

ಕೂಲಿ ಕೇಳಿದಾಗ ಎರಡು ತೂತಿನ ಲೆಕ್ಕ ಕೊಟ್ಟ. ಮೊದಲನೆಯದಕ್ಕೆ ಜಾಸ್ತಿ.

"ಅದರಲ್ಲಿ ಏನೂ ಸಿಗಲಿಲ್ವಲ್ಲೋ?"

"ಅದಕ್ಕೇ ಸರ. ಹೆದರಿದ್ದಕ್ಕೂ ಸೇರಿಸೀನಿ."