ಬಿಲ್ಲಿಗೆ 30 ಕಿಲೋ, ಪರಿಹಾರಕ್ಕೆ 4

ಸಾಗಣೆ ಕಂಪನಿಗಳ ತಕ್ಕಡಿಗಿರುವ ಬುದ್ಧಿ ಮನುಷ್ಯರಿಗೂ ಇಲ್ಲ. ಒಂದೇ ಪೆಟ್ಟಿಗೆ ಹಣ ಕಟ್ಟುವ ದಿನ ಊದಿಕೊಳ್ಳುತ್ತದೆ, ಪರಿಹಾರ ಕೇಳುವ ದಿನ ಸೊರಗುತ್ತದೆ.

ಪಿಂಗಾಣಿ ಹೂದಾನಿ, ಸುತ್ತಲೂ ಥರ್ಮಾಕೋಲ್, ಹೊರಗೆ ದಪ್ಪ ರಟ್ಟಿನ ಪೆಟ್ಟಿಗೆ, ಎಲ್ಲ ಸೇರಿ 4 ಕಿಲೋ. ಉದ್ದ 60, ಅಗಲ 50, ಎತ್ತರ 50 ಸೆಂಟಿಮೀಟರ್. ಮೂರನ್ನೂ ಗುಣಿಸಿ, ಕೊರಿಯರ್‌ನವರ ರೂಢಿಯಂತೆ 5000ದಿಂದ ಭಾಗಿಸಿದರೆ 30 ಕಿಲೋ. ಇದು ಗಾತ್ರದ ತೂಕ. ನಿಜದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಇರಲಿ, ವಿಮಾನದಲ್ಲಿ ಜಾಗ ದುಬಾರಿ. ಗಾಳಿಗೂ ಟಿಕೆಟ್ ತೆಗೆಯೋಣ. ಆದರೆ ಹೂದಾನಿ ಚೂರಾಗಿ ಬಂದಿಳಿಯಿತೆನ್ನಿ. ಅಂತರರಾಷ್ಟ್ರೀಯ ವಿಮಾನ ಸಾಗಣೆಯ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಪರಿಹಾರದ ಮಿತಿ ಕಿಲೋ ಲೆಕ್ಕದ್ದು: 2024ರ ಡಿಸೆಂಬರ್ 28ರಿಂದ ಕಿಲೋಗೆ 26 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ). ಮೊದಲೇ ಮೌಲ್ಯ ಘೋಷಿಸಿ ಹೆಚ್ಚುವರಿ ಹಣ ಕಟ್ಟದವರು ಈ ಮಿತಿಯೊಳಗೇ ಸುಮ್ಮನಾಗಬೇಕು. ಆಗ ಎಣಿಕೆಗೆ ಬರುವುದು ಆ 4 ಕಿಲೋ. ಉಳಿದ 26 ಕಿಲೋ ಗಾಳಿ ಬಿಲ್ಲು ಪಾವತಿಯಾದ ಕೂಡಲೇ ಗಾಳಿಗೆ ಸೇರಿಹೋಗಿರುತ್ತದೆ.

ಪ್ಯಾಕಿಂಗ್ ಬಗ್ಗೆ ಇವರ ತರ್ಕಶಾಸ್ತ್ರ ಇನ್ನೂ ಸೊಗಸು. ವಸ್ತು ಒಡೆದಿದೆ, ಆದ್ದರಿಂದ ಪ್ಯಾಕಿಂಗ್ ಸರಿಯಿರಲಿಲ್ಲ. ಸರಿಯಿರಲಿಲ್ಲವೆಂಬುದಕ್ಕೆ ಸಾಕ್ಷಿ? ವಸ್ತು ಒಡೆದಿದೆಯಲ್ಲ! ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ‘ಒಡೆಯುವ ವಸ್ತು, ಜೋಪಾನ’ ಎಂದು ಸಾರುವ ಉದ್ದ ಕಾಲಿನ ಗಾಜಿನ ಲೋಟದ ಚಿತ್ರ ಅಂಟಿಸಿದ್ದೇವೆ ಎಂದು ವಾದಿಸಬೇಡಿ. ಪೆಟ್ಟಿಗೆಗಳ ಮೇಲಿನ ಗುರುತುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 780 ಒಪ್ಪಿದ ಚಿತ್ರವೇ ಅದು, ನಿಜ. ಆದರೆ ವಿಂಗಡಣೆಯ ಯಂತ್ರ ಓದುವುದು ಬಾರ್‌ಕೋಡ್ ಒಂದನ್ನೇ. ಲೋಟ ಕಂಡರೆ ಅದು ಕರುಣೆಯಿಂದ ಮೆಲ್ಲಗೆ ಉರುಳಿಸುವುದಿಲ್ಲ.

ಭಾರದ ವಸ್ತುವಿನ ಕಥೆ ಬೇರೆ. ‘ಬಾಗಿಲಿಗೆ ತಲುಪಿಸುತ್ತೇವೆ’ ಎಂದವರು ಯಾವ ಬಾಗಿಲು ಎಂದು ಹೇಳಿರುವುದಿಲ್ಲ. 90 ಕಿಲೋ ಬೀರುವಿನ ಜೊತೆಗೆ ಬರುವವನು ಚಾಲಕ ಒಬ್ಬನೇ. ಲಾರಿಯಲ್ಲಿ ಸಾಮಾನು ಇಳಿಸುವ ಲಿಫ್ಟ್ ಇಲ್ಲ, ಕೈಗಾಡಿಯೂ ಇಲ್ಲ. ಅವನು ರಸ್ತೆ ಬದಿಯಲ್ಲಿ ನಿಂತು ನಿಮ್ಮ ತೋಳುಗಳತ್ತ ನೋಡುತ್ತಾನೆ. ಪಾಪ, ಅವನ ತಪ್ಪೇನೂ ಇಲ್ಲ. ಬುಕಿಂಗ್ ಮಾಡಿಕೊಂಡವರು ಒಬ್ಬರು, ಲಾರಿ ಇನ್ನೊಬ್ಬರದು, ಅವನು ಮೂರನೆಯವರ ನೌಕರ. ಇಳಿಸುವ ಮೊದಲೇ ‘ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ’ ಎಂಬುದರ ಕೆಳಗೆ ಸಹಿ ಬೇಕು. ತೆರೆದು ನೋಡಿ ಹಾಕುತ್ತೇನೆ ಎಂದರೆ ಅವನಿಗೆ ಹೊತ್ತಾಗುತ್ತದೆ. ‘ತೆರೆದು ನೋಡಿಲ್ಲ’ ಎಂದು ಬರೆದು ಸಹಿ ಮಾಡೋಣವೆಂದರೆ ಆ ಪುಟಾಣಿ ಪರದೆಯ ಮೇಲೆ ಬೆರಳಿನಿಂದ ನಮ್ಮ ಹೆಸರೇ ಮೂಡುವುದಿಲ್ಲ.

ಹಾಗಾದರೆ ನಂಬಿಕಸ್ತರನ್ನು ಆರಿಸುವುದು ಹೇಗೆ? ನಕ್ಷತ್ರ ನೋಡಿ ಎನ್ನುತ್ತಾರೆ. ನೋಡಿದೆ. ಐದು ನಕ್ಷತ್ರ ಕೊಟ್ಟವರು ಕಳುಹಿಸಿದ್ದು ಅಂಗಿ. ಮಡಿಕೆ ಕೂಡ ಕೆಡದೆ ತಲುಪಿತಂತೆ.

ಕೊನೆಗೆ ಒಂದು ಕಂಪನಿಗೆ ಫೋನ್ ಮಾಡಿ ವಿಮೆ ಕೇಳಿದೆ. ‘ಖಂಡಿತ ಇದೆ ಸಾರ್, ಪೂರ್ಣ ಮೌಲ್ಯಕ್ಕೆ’ ಎಂದಿತು ಆ ಕಡೆಯ ಜೇನುದನಿ. ವಸ್ತು ಯಾವುದೆಂದು ಹೇಳಿದೆ. ಹಾಳೆ ತಿರುವಿದ ಸದ್ದು.

‘ಗಾಜು, ಪಿಂಗಾಣಿ, ಅಮೃತಶಿಲೆಗೆ ಅನ್ವಯಿಸುವುದಿಲ್ಲ ಸಾರ್. ಕಬ್ಬಿಣದ ಸರಳು ಕಳುಹಿಸುವುದಿದ್ದರೆ ಹೇಳಿ, ಈಗಲೇ ಮಾಡಿಕೊಡುತ್ತೇನೆ.’