ಕುಡಿದವನ ಕಾಗುಣಿತ

ಕ್ರಿಪ್ಟೋ ಎಂಬ ಡಿಜಿಟಲ್ ನಾಣ್ಯ ಕೊಂಡವರ ನಡುವೆ ಕುಳಿತು, ದರ ಬಿದ್ದ ದಿನ ‘ಮಾರಿಬಿಡಲೇ?’ ಎಂದು ಕೇಳಿ ನೋಡಿ. ‘ಹೋಡ್ಲ್’ ಎಂಬ ಒಂದೇ ಪದ ನಾಲ್ಕೂ ದಿಕ್ಕಿನಿಂದ ಬಂದು ಬೀಳುತ್ತದೆ. ಮಾರಬೇಡ, ಹಲ್ಲು ಕಚ್ಚಿ ಹಿಡಿದುಕೋ ಎಂದು ಅರ್ಥ.

ಮಂತ್ರದಂತೆ ಜಪಿಸುವ ಈ ಪದ ಅಸಲಿಗೆ ಒಂದು ಅಕ್ಷರದೋಷ. 2013ರ ಡಿಸೆಂಬರ್ 18. ಚೀನಾ ಇಂಥ ನಾಣ್ಯಗಳ ಮೇಲೆ ನಿಯಮ ಬಿಗಿ ಮಾಡಿದ್ದರಿಂದ, ಸಾವಿರ ಡಾಲರ್ ದಾಟಿದ್ದ ಕ್ರಿಪ್ಟೋ ನಾಣ್ಯ ಬಿಟ್‌ಕಾಯಿನ್ ಕೆಲವೇ ದಿನಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ವಿಸ್ಕಿ ಏರಿಸಿದ್ದ ಒಬ್ಬಾತ ಅಂತರ್ಜಾಲದಲ್ಲಿ ಹಿಡಿದುಕೋ ಎಂಬರ್ಥದ ‘ಹೋಲ್ಡ್’ (HOLD) ಎಂದು ಬರೆಯಲು ಹೋಗಿ ಎರಡಕ್ಷರ ಅದಲುಬದಲು ಮಾಡಿ HODL ಎಂದ. ಮತ್ತೆ ಬರೆದ, ಮತ್ತೆ ತಪ್ಪಿತು, ಹೋಗಲಿ ಎಂದು ಬಿಟ್ಟ. ಅದರ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ಪದ ಹೊಂದಿಸಿ ‘ಜೀವ ಬಿಗಿಹಿಡಿದು ಕೂರು’ ಎಂಬ ಅರ್ಥ ಕಟ್ಟಿದ್ದು ಆಮೇಲಿನವರ ಜಾಣತನ.

ನನಗೆ ಹಿಡಿಸಿದ್ದು ಅವನು ಕೊಟ್ಟ ಕಾರಣ. ನಾನು ಕೆಟ್ಟ ವ್ಯಾಪಾರಿ, ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ನನಗೆ ತಿಳಿಯದು, ಅದಕ್ಕೇ ಹಿಡಿದುಕೊಂಡಿದ್ದೇನೆ ಎಂದಿದ್ದ. ಅದು ತನ್ನ ಬಗ್ಗೆ ತಾನೇ ಮಾಡಿಕೊಂಡ ತಪ್ಪೊಪ್ಪಿಗೆ. ಈಗ ಅದು ಇನ್ನೊಬ್ಬರಿಗೆ ಕೊಡುವ ಅಪ್ಪಣೆಯಾಗಿದೆ. ಮಾರಿದವನು ಹೇಡಿ!

ಪುತ್ತೂರಿನ ನಮ್ಮ ಮನೆಯಲ್ಲಿ ಹೀಗೆ ಮಾರದೆ ಹಿಡಿದಿಡುವುದಕ್ಕೆ ಹಳೆಯ ಹೆಸರೇ ಇದೆ. ವರ್ಷ ದಾಟಿದ ಅಡಿಕೆ ಸಿಂಗಲ್ ಚೋಲ್, ಇನ್ನೊಂದು ವರ್ಷ ಇಟ್ಟರೆ ಡಬಲ್ ಚೋಲ್. ದರವೂ ಹೊಸತಕ್ಕಿಂತ ಹೆಚ್ಚು. ಆದರೆ ಅಪ್ಪ ಇಟ್ಟು ಮರೆಯುವವರಲ್ಲ. ಮಳೆಗಾಲದಲ್ಲಿ ಗೋಣಿ ಬಿಚ್ಚಿ ಮೂಸುತ್ತಾರೆ, ಒಂದೆರಡು ಒಡೆದು ಹುಳ ಹಿಡಿದಿದೆಯೇ ಎಂದು ನೋಡುತ್ತಾರೆ, ಬಿಸಿಲು ಬಿದ್ದರೆ ಅಂಗಳಕ್ಕೆ ಸುರಿಯುತ್ತಾರೆ. ಹುಳ ಹಿಡಿದ ಗೋಣಿಯನ್ನು ಡಬಲ್ ಚೋಲ್ ಆಗಲೆಂದು ಯಾರೂ ಕಾಯುವುದಿಲ್ಲ.

2022ರ ಮೇ ತಿಂಗಳಲ್ಲಿ ಲೂನಾ ಎಂಬ ಕ್ರಿಪ್ಟೋ ನಾಣ್ಯ ಎಂಬತ್ತು ಡಾಲರಿನ ಆಸುಪಾಸಿನಿಂದ ಒಂದು ಸೆಂಟಿಗಿಂತ ಕೆಳಕ್ಕೆ ಜಾರಲು ಹತ್ತು ದಿನವೂ ಬೇಕಾಗಲಿಲ್ಲ. ಅಲ್ಲಿಯೂ ‘ಹೋಡ್ಲ್’ ಎಂದು ಧೈರ್ಯ ಹೇಳಿದವರಿದ್ದರು. ಗೋಣಿ ಬಿಚ್ಚಿ ನೋಡಿದವರು ಕಡಿಮೆ.

ನಾನು ಕೊಂಡಿದ್ದು ಬೇರೊಂದು. ಹೆಸರು ಹೇಳಿದರೆ ನಗುತ್ತೀರಿ. ಅದು ಕುಸಿದ ರಾತ್ರಿ ಏನು ಮಾಡಲಿ ಎಂದು ಅಕ್ಕನ ಮಗನನ್ನು ಕೇಳಿದೆ. ‘ಮಾವ, ಹಿಡಿ’ ಎಂದು ಬರೆಯಲು ಹೋದವನ ಬೆರಳು ಜಾರಿತ್ತು. ‘ಮಾವ, ಹುಡಿ’ ಎಂದು ಬಂತು. ನಮ್ಮ ಕಡೆ ಹುಡಿ ಎಂದರೆ ಪುಡಿ. ಬೆಳಗ್ಗೆ ನೋಡಿದರೆ ಅದೇ ಸರಿಯಾದ ಕಾಗುಣಿತವಾಗಿತ್ತು.