ಹನ್ನೆರಡಾಣೆ ನೋವು

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ್ದು ಎನ್ನುತ್ತಾರೆ. ಐದು ಆಸ್ಪತ್ರೆಗಳು ಕೂಡಿ ನೋವಿನ ಸಂಶೋಧನೆ ಮಾಡಹೊರಟರೆ ರೋಗಿಗಿಂತ ಮೊದಲು ಕಡತಕ್ಕೇ ಆ ಕಾಯಿಲೆ ಅಂಟುತ್ತದೆ.

ಸಂಶೋಧನೆ ಹೇಗೆಂದು ಬರೆದಿಟ್ಟ ಪ್ರೋಟೋಕಾಲ್ ಒಂದು, ಅದು ರೋಗಿಗೆ ನ್ಯಾಯವೇ ಎಂದು ನೋಡುವ ಎಥಿಕ್ಸ್ ಕಮಿಟಿ ಐದು. ಔಷಧ ಪ್ರಯೋಗವಾದರೆ 2019ರ ನಿಯಮದಂತೆ ಕಮಿಟಿಗೆ ಕನಿಷ್ಠ ಏಳು ಸದಸ್ಯರು, ಕೋರಂಗೆ, ಅಂದರೆ ಸಭೆ ನಡೆಯಲು, ಐವರು. ಕಾನೂನು ಬಲ್ಲವರೊಬ್ಬರು, ಜನಸಾಮಾನ್ಯರೊಬ್ಬರು ಬೇಕೇ ಬೇಕು. ವಕೀಲರಿಗೆ ಕೋರ್ಟಿನಲ್ಲಿ ಕೇಸಿದ್ದ ದಿನ ನೋವಿಗೂ ವಾಯಿದೆ. ಮೊದಲ ಕಮಿಟಿ ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರದ ಒಂದು ವಾಕ್ಯ ತೆಗೆಸುತ್ತದೆ, ಮೂರನೆಯದು ಅದೇ ವಾಕ್ಯ ಯಾಕಿಲ್ಲ ಎಂದು ಕೇಳುತ್ತದೆ. ತಿದ್ದಿದರೆ ಆವೃತ್ತಿ ಸಂಖ್ಯೆ ಬದಲು. ಹೊಸ ಆವೃತ್ತಿ ಮತ್ತೆ ಐದೂ ಕಡೆ ಹೋಗಬೇಕು. ಅಪಾಯ ಕಡಿಮೆಯಿದ್ದರೆ ಒಂದು ಕಮಿಟಿಯ ತೀರ್ಮಾನವನ್ನು ಉಳಿದವು ಒಪ್ಪಿಕೊಳ್ಳಬಹುದು ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಇದೆ. ಒಪ್ಪಿಕೊಳ್ಳಬಹುದು, ನಿಜ. ಆದರೆ ಯಾವ ಕಮಿಟಿ ತಾನೇ ತಮ್ಮನಾಗಲು ಬಯಸುತ್ತದೆ?

ಇನ್ನು ನೋವಿನ ಅಳತೆ. ಸರಿಯಾಗಿ 100 ಮಿಲಿಮೀಟರ್ ಉದ್ದದ ಗೆರೆ. ಎಡತುದಿ ‘ನೋವಿಲ್ಲ’, ಬಲತುದಿ ‘ಊಹಿಸಬಹುದಾದ ಅತಿ ಕೆಟ್ಟ ನೋವು’. ರೋಗಿ ನಡುವೆ ಎಲ್ಲೋ ಗೀಟು ಹಾಕಬೇಕು, ಸಿಬ್ಬಂದಿ ಸ್ಕೇಲಿಟ್ಟು ಅಳೆಯಬೇಕು. ಐದು ಆಸ್ಪತ್ರೆಯೆಂದರೆ ಐದು ಕೇಂದ್ರ; ಮುಖ್ಯ ಕೇಂದ್ರದಿಂದ ಹೊರಟಾಗ ಗೆರೆ ನೂರೇ ಇರುತ್ತದೆ. ಒಂದು ಕೇಂದ್ರದ ಪ್ರಿಂಟರಿನಲ್ಲಿ ‘ಫಿಟ್ ಟು ಪೇಜ್’ ಆನ್ ಆಗಿ 96ಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಆಗಿ 103ಕ್ಕೆ ಹಿಗ್ಗುತ್ತದೆ. ಗೆರೆಯ ತುತ್ತತುದಿಗೆ ಗೀಟು ಹಾಕಿದ ಇಬ್ಬರಲ್ಲಿ ಒಬ್ಬರ ನೋವು 96, ಇನ್ನೊಬ್ಬರದು 103! ಔಷಧಿಗಿಂತ ಮುಂಚೆ ಟೋನರ್ ಕೆಲಸ ಮಾಡಿಬಿಟ್ಟಿತು. ಪ್ರತಿ ಕಟ್ಟಿನಿಂದ ಒಂದು ಹಾಳೆ ತೆಗೆದು ಗೆರೆ ಅಳೆದಿದ್ದರೆ ಸಾಕಿತ್ತು. ಅಷ್ಟಕ್ಕೆ ಮೂರು ಕಾಸಿನ ಶಾಲಾ ಸ್ಕೇಲು ಬೇಕು. ಬಜೆಟ್ಟಿನಲ್ಲಿ ಇರುವುದು ಸಮನ್ವಯ ಸಭೆಯ ಊಟದ ಬಾಬ್ತು.

ಗೆರೆ ಬೇಡ, ಸೊನ್ನೆಯಿಂದ ಹತ್ತರೊಳಗೆ ಅಂಕ ಹೇಳಿ ಎಂದರೆ ಅಜ್ಜಿ ‘ರೂಪಾಯಿಗೆ ಹನ್ನೆರಡಾಣೆ ಐತಪ್ಪ’ ಎನ್ನುತ್ತಾರೆ. ಎಷ್ಟು ಚೊಕ್ಕ ಉತ್ತರ! ಲೆಕ್ಕ ಹಾಕಿದರೆ ಏಳೂವರೆ. ಸಾಫ್ಟ್‌ವೇರ್ ಪೂರ್ಣಾಂಕವನ್ನಷ್ಟೇ ನುಂಗುತ್ತದೆ. ಒಂದು ಕೇಂದ್ರ ಏಳು ಹಾಕಿತು, ಒಂದು ಎಂಟು, ಇನ್ನೊಂದು ‘ರೋಗಿಗೆ ಪ್ರಶ್ನೆ ಅರ್ಥವಾಗಿಲ್ಲ’ ಎಂದು ಬರೆಯಿತು.

ಪ್ರಶ್ನಾವಳಿಯ ಅನುವಾದದ ಕಥೆ ಬೇರೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಮರಳಿ ಇಂಗ್ಲಿಷಿಗೆ, ಎರಡಕ್ಕೂ ಬೇರೆ ಬೇರೆ ಜನ. ಕ್ರಮ ಸರಿಯಾಗಿಯೇ ಇದೆ. ಹೋಗಿ ಬಂದ ಪದಗಳೇನೋ ತಾಳೆಯಾಗುತ್ತವೆ, ಏಕೆಂದರೆ ಎರಡೂ ಕಡೆಯವರ ಕೈಯಲ್ಲಿರುವುದು ಅದೇ ನಿಘಂಟು. ‘ನಿಮ್ಮ ವೇದನೆ ಸ್ಪಂದನಾತ್ಮಕವೇ?’ ಎಂದು ಕೇಳಿದರೆ ಕಲಬುರ್ಗಿಯವರೂ ಕೊಳ್ಳೇಗಾಲದವರೂ ಒಂದೇ ಥರ ಬಾಯಿ ಬಿಡುತ್ತಾರೆ. ಕೇಂದ್ರಗಳ ನಡುವೆ ಏಕರೂಪತೆ ಸಿಕ್ಕಿದ್ದು ಇದೊಂದರಲ್ಲೇ. ‘ಕಡಿತ’ ಎಂದರೆ ಬಡಗಣದ ಹೊಟ್ಟೆಗೆ ನೋವು, ತೆಂಕಣದ ಚರ್ಮಕ್ಕೆ ನವೆ. ಪ್ರಶ್ನಾವಳಿಯನ್ನು ಹತ್ತು ರೋಗಿಗಳ ಮುಂದೆ ಓದಿ ನೋಡುವ ಹಂತವನ್ನು ಸಮಯದ ಅಭಾವದಿಂದ ಕೈಬಿಡಲಾಯಿತು.

ಆಪರೇಷನ್ ಆದವರನ್ನು ಒಂದು ಕೇಂದ್ರ ಮಲಗಿದಾಗ ನೋವಿನ ಅಂಕ ಕೇಳಿತು, ಮತ್ತೊಂದು ಕೆಮ್ಮಿಸಿ ಕೇಳಿತು. ಕೆಮ್ಮಿದರೆ ಹೊಲಿಗೆ ಎಳೆಯುತ್ತದೆ, ಅಂಕ ಏರುತ್ತದೆ. ಮಲಗಿಸಿ ಕೇಳಿದ ಕೇಂದ್ರಕ್ಕೆ ಉತ್ತಮ ಫಲಿತಾಂಶದ ಪ್ರಶಂಸಾಪತ್ರ ಬಂದಿದೆ. ಕೆಮ್ಮಿಸಿದವರಿಗೆ ವಿವರಣೆ ಕೇಳಿ ನೋಟಿಸು.